ಝೂಮ್ ಲೆನ್ಸಿನ ದೋಷ ಯಾವ ಗುಂಪಿನಲ್ಲಿದೆ? ಬಿಚ್ಚುವ ಮೊದಲೇ ಕಂಡುಕೊಳ್ಳುವ ಕ್ರಮ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಮಲ್ಲೇಶ್ವರದ ಒಬ್ಬ ಮದುವೆ ಛಾಯಾಗ್ರಾಹಕರು ತಮ್ಮ 24–70 ಮಿ.ಮೀ., ಎಫ್ 2.8 ಝೂಮ್ ಲೆನ್ಸನ್ನು ನನ್ನ ಮೇಜಿನ ಮೇಲಿಟ್ಟು, "ಸರ್, ಗುಂಪು ಫೋಟೋ ತೆಗೆದರೆ ಎಡಗಡೆ ನಿಂತವರೆಲ್ಲ ಮಸುಕು ಬರ್ತಾರೆ, ಹೆಣ್ಣು ಗಂಡು ಮಾತ್ರ ಸರಿಯಾಗಿರ್ತಾರೆ" ಎಂದರು. ಒಳಗೆ ಬೂಷ್ಟು ಹಿಡಿದಿತ್ತೆಂದು ಅದನ್ನು ಒಂದು ಅಂಗಡಿಯಲ್ಲಿ ಬಿಚ್ಚಿಸಿ ಒರೆಸಿದ್ದರು. ದೋಷ ಕಾಣಿಸಿಕೊಂಡದ್ದು ಅದಾದ ಮೇಲೆ. ಅದೇ ಅಂಗಡಿಗೆ ಮತ್ತೆ ಎರಡು ಸಲ ಕೊಟ್ಟಾಗಲೂ ಮೌಂಟಿನ (ಲೆನ್ಸನ್ನು ಕ್ಯಾಮೆರಾಗೆ ಕೂಡಿಸುವ ಬಳೆಯ) ಅಡಿಯ ಶಿಮ್, ಎಂದರೆ ಅಂತರ ಹೊಂದಿಸುವ ತೆಳು ಪಟ್ಟಿ, ಬದಲಿಸಿ ಹಿಂದಿರುಗಿಸಿದ್ದರು. ನಾನು ಅವರನ್ನು ಕೇಳಿದ್ದು ಒಂದೇ ಪ್ರಶ್ನೆ: 70ರಲ್ಲಿಯೂ ಹೀಗೆಯೇ ಆಗುತ್ತದೆಯೇ? ಇಲ್ಲ, 70ರಲ್ಲಿ ಏನೂ ತೊಂದರೆಯಿಲ್ಲ, 24ಕ್ಕೆ ತಂದಾಗ ಮಾತ್ರ ಎಂದರು. ಆ ಉತ್ತರ ಬಂದ ಕ್ಷಣದಲ್ಲಿಯೇ ದೋಷ ಮೌಂಟಿನಲ್ಲಿಲ್ಲವೆಂದು ಹೇಳಬಹುದಾಗಿತ್ತು. ಏಕೆಂದರೆ ಮೌಂಟ್ ಓರೆಯಾದರೆ ಬಿಂಬದ ತಲವೂ ಸೆನ್ಸರಿಗೆ ಓರೆಯಾಗುತ್ತದೆ, ಮತ್ತು ಆ ಓರೆ ಝೂಮ್ ರಿಂಗನ್ನು ಎಲ್ಲಿಗೆ ತಿರುಗಿಸಿದರೂ ಅಷ್ಟೇ ಇರುತ್ತದೆ.

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಸ್ಥಿರ ಸಂಗಮ ದೂರದ (ಫೋಕಲ್ ಲೆಂತಿನ) ಲೆನ್ಸಿನಲ್ಲಿ ಇಲ್ಲದ ಒಂದು ಅನುಕೂಲ ಝೂಮ್ ಲೆನ್ಸಿನಲ್ಲಿದೆ: ಅದರ ರಿಂಗೇ ಒಂದು ಪರೀಕ್ಷಾ ಸಾಧನ. ರಿಂಗ್ ತಿರುಗಿಸಿದಂತೆ ಒಳಗಿನ ಪ್ರತಿಯೊಂದು ಮಸೂರಗುಂಪಿನ ಪಾತ್ರ ಬದಲಾಗುವುದರಿಂದ, ದೋಷವೂ ಹೆಚ್ಚುತ್ತದೆಯೋ, ಕುಗ್ಗುತ್ತದೆಯೋ, ಇದ್ದ ಹಾಗೆಯೇ ಉಳಿಯುತ್ತದೆಯೋ ಎಂಬುದನ್ನು ಗಮನಿಸಿದರೆ ತಪ್ಪಿರುವ ಜಾಗ ಬಹುಮಟ್ಟಿಗೆ ಹೊರಗಿನಿಂದಲೇ ಗೊತ್ತಾಗುತ್ತದೆ. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವುದು ಅದಾದ ಮೇಲಿನ ಕೆಲಸ.

ಒಳಗೆ ಚಲಿಸುವುದು ಏನು

ಸಾಂಪ್ರದಾಯಿಕ ಝೂಮ್ ವಿನ್ಯಾಸದಲ್ಲಿ ನಾಲ್ಕು ಗುಂಪುಗಳಿರುತ್ತವೆ. ಮುಂದಿನದು ಫೋಕಸ್ ಮಾಡುವ ಪೀನ ಗುಂಪು. ಎರಡನೆಯದು ಹಿಂದೆ ಮುಂದೆ ಸರಿದು ಸಂಗಮ ದೂರವನ್ನು ಬದಲಿಸುವ ನಿಮ್ನ ಗುಂಪು. ಎರಡನೆಯದು ಸರಿದಾಗ ಬಿಂಬ ತನ್ನ ಸ್ಥಾನ ಬಿಟ್ಟು ಹೋಗದಂತೆ ಸರಿದೂಗಿಸುವುದು ಮೂರನೆಯದರ ಕೆಲಸ. ಕೊನೆಯದು ಬಿಂಬವನ್ನು ಸೆನ್ಸರಿನ ಮೇಲೆ ಮೂಡಿಸುವ ಸ್ಥಿರ ಗುಂಪು. ಮದುವೆ ಮನೆಗಳಲ್ಲಿ ಬಳಕೆಯಾಗುವ ಅಗಲ ನೋಟದ ಝೂಮ್‌ಗಳಲ್ಲಿ ಅನೇಕವು ಬೇರೆ ಬಗೆಯವು. ಅವುಗಳಲ್ಲಿ ಮುಂದಿನ ಗುಂಪೇ ನಿಮ್ನವಾಗಿದ್ದು, 24ಕ್ಕೆ ತಿರುಗಿಸಿದಾಗ ಮೂತಿ ಹೊರಬರುತ್ತದೆ, 70ರ ಕಡೆಗೆ ಹೋದಂತೆ ಒಳಸೇರುತ್ತದೆ. ನನ್ನ ಮೇಜಿಗೆ ಬಂದದ್ದು ಆ ಬಗೆಯದು.

ಎರಡನೆಯ ಮತ್ತು ಮೂರನೆಯ ಗುಂಪುಗಳ ಚಲನೆಯನ್ನು ಹೊಂದಿಸುವುದಕ್ಕೆ ಹಿಂದೆ ಎರಡು ದಾರಿಗಳಿದ್ದವು. 1959ರಲ್ಲಿ ಬಂದ, 35 ಮಿ.ಮೀ. ಸ್ಟಿಲ್ ಕ್ಯಾಮೆರಾದ ಮೊದಲ ಝೂಮ್ ಲೆನ್ಸಾದ ಫೋಯ್ಕ್ಟ್‌ಲೆಂಡರ್ ಝೂಮರ್ (36–82 ಮಿ.ಮೀ., ಎಫ್ 2.8) ಚಲಿಸುವ ಗುಂಪುಗಳನ್ನೆಲ್ಲ ಒಂದಕ್ಕೊಂದು ಬಿಗಿದು ಒಟ್ಟಿಗೆ ಸರಿಸುತ್ತಿತ್ತು. ಆ ಕ್ರಮದಲ್ಲಿ ಫೋಕಸ್ ಕರಾರುವಾಕ್ಕಾಗಿ ಕೂಡುವುದು ಕೆಲವೇ ಬಿಂದುಗಳಲ್ಲಿ, ಆದರೆ ನಿಖರವಾದ ಕ್ಯಾಮ್ (ಗುಂಪುಗಳನ್ನು ನಡೆಸುವ ವಕ್ರ ಸೀಳು) ಕೊರೆಯಬೇಕಾದ ಅಗತ್ಯವಿರಲಿಲ್ಲ. ಕೊಳವೆಯಲ್ಲಿ ವಕ್ರವಾದ ಸೀಳುಗಳನ್ನು ಸೂಕ್ಷ್ಮವಾಗಿ ಕೊರೆಯುವ ಯಂತ್ರಗಳು ಬಂದ ಮೇಲೆ ಎರಡನೆಯ ದಾರಿಯಾದ ಕ್ಯಾಮ್ ಗೆದ್ದಿತು. ಇಂದು ನಮ್ಮ ಕೈಗೆ ಬರುವ ಝೂಮ್ ಲೆನ್ಸುಗಳಲ್ಲಿ ಪ್ರತಿ ಗುಂಪೂ ಸಾಮಾನ್ಯವಾಗಿ ಮೂರು ಪುಟ್ಟ ಉರುಳೆಗಳ ಮೇಲೆ, ತನ್ನದೇ ಸೀಳಿನಲ್ಲಿ ಜಾರುತ್ತದೆ. ಈ ಉರುಳೆಗಳು ಹೆಚ್ಚಾಗಿ ಪ್ಲಾಸ್ಟಿಕ್ಕಿನವು, ಮೆಣಸಿನ ಕಾಳಿನಷ್ಟು ದೊಡ್ಡವು, ನಡುವೆ ಒಂದು ತಿರುಪು ಹಾದುಹೋಗಿರುತ್ತದೆ. ಸಾವಿರಾರು ರೂಪಾಯಿಯ ಗಾಜು ನಿಂತಿರುವುದು ಇವುಗಳ ಆಧಾರದಲ್ಲಿ. ಗಾಜು ಸವೆಯುವುದಿಲ್ಲ, ಇವು ಸವೆಯುತ್ತವೆ, ಬಿರಿಯುತ್ತವೆ.

ಪರೀಕ್ಷೆಯ ಸಿದ್ಧತೆ

ಮೊದಲು ಮುಂದಿನ ರಕ್ಷಣಾ ಫಿಲ್ಟರನ್ನು ತೆಗೆಯಬೇಕು. 24 ಮಿ.ಮೀ., ಎಫ್ 2.8ರಲ್ಲಿ ಒಂದು ಬಿಂದುವಿನಿಂದ ಬರುವ ಬೆಳಕು ಫಿಲ್ಟರಿನ ಸುಮಾರು 9 ಮಿ.ಮೀ. ಅಗಲದ ಭಾಗವನ್ನಷ್ಟೇ ಹಾದುಬರುತ್ತದೆ, 200 ಮಿ.ಮೀ., ಎಫ್ 2.8ರಲ್ಲಿ ಅದು 71 ಮಿ.ಮೀ. ಆಗುತ್ತದೆ. ಗಾಜು ಸಮತಟ್ಟಾಗಿಲ್ಲದ ಅಗ್ಗದ ಫಿಲ್ಟರ್ ಅಗಲ ನೋಟದಲ್ಲಿ ಏನೂ ತೋರಿಸದೆ ದೂರದ (ಟೆಲಿ) ತುದಿಯಲ್ಲಿ ಮಾತ್ರ ಚಿತ್ರ ಕೆಡಿಸುವುದು ಇದೇ ಕಾರಣಕ್ಕೆ. ಲೆನ್ಸನ್ನೇ ಬಿಚ್ಚಲು ಹೊರಟವರು ಫಿಲ್ಟರ್ ತೆಗೆದ ಕೂಡಲೇ ಸಮಾಧಾನದಿಂದ ಮನೆಗೆ ಹೋದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಆಮೇಲೆ ಅದೇ ಕ್ಯಾಮೆರಾಗೆ ಬೇರೊಂದು ಲೆನ್ಸ್ ಹಾಕಿ ನೋಡಬೇಕು. ಅದರಲ್ಲೂ ಅದೇ ಬದಿ ಮಸುಕಾದರೆ ತಪ್ಪು ಕ್ಯಾಮೆರಾದ ಮೌಂಟಿನಲ್ಲಿ ಅಥವಾ ಸೆನ್ಸರಿನಲ್ಲಿದೆ.

ನಾನು ಗೋಡೆಗೆ ಅಂಟಿಸುವುದು ಕನ್ನಡ ದಿನಪತ್ರಿಕೆಯ ವರ್ಗೀಕೃತ ಜಾಹೀರಾತುಗಳ ಪುಟಗಳನ್ನು, ನಡುವೆ ಒಂದು, ನಾಲ್ಕು ಮೂಲೆಗಳಲ್ಲಿ ನಾಲ್ಕು. ಕೊಂಡುತಂದ ಪರೀಕ್ಷಾ ಪಟಕ್ಕಿಂತ ಇದು ನನಗೆ ಹೆಚ್ಚು ಉಪಯುಕ್ತವೆನಿಸಿದೆ, ಏಕೆಂದರೆ ಕನ್ನಡದ ಒತ್ತಕ್ಷರಗಳು ಒಳ್ಳೆಯ ಅಳತೆಗೋಲುಗಳು. ಮೇಲಿನ ಅಕ್ಷರ ಓದಲು ಬರುತ್ತಿದ್ದರೂ ಅಡಿಯ ಒತ್ತು ಕಲಸಿಹೋಗಿದ್ದರೆ, ಸ್ಪಷ್ಟತೆ ಎಷ್ಟು ತಗ್ಗಿದೆಯೆಂಬುದು ಬರಿಗಣ್ಣಿಗೇ ತಿಳಿಯುತ್ತದೆ. 'ರಾಷ್ಟ್ರೀಯ' ಎಂಬ ಪದದಲ್ಲಿ ಒಂದರ ಅಡಿಗೊಂದು ಇರುವ ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ಆ ಮೂಲೆ ಚೆನ್ನಾಗಿದೆಯೆಂದೇ ಅರ್ಥ.

ಕ್ಯಾಮೆರಾ ಗೋಡೆಗೆ ನೇರವಾಗಿರುವುದು ಅತ್ಯಗತ್ಯ, ಇಲ್ಲವಾದರೆ ಇಲ್ಲದ ಓರೆಯನ್ನು ಲೆನ್ಸಿನ ಮೇಲೆ ಹೊರಿಸಿದಂತಾಗುತ್ತದೆ. ಗೋಡೆಯ ಮೇಲೆ, ಚೌಕಟ್ಟಿನ ನಡುವೆ ಬರುವಂತೆ, ಚಪ್ಪಟೆಯಾದ ಸಣ್ಣ ಕನ್ನಡಿಯೊಂದನ್ನು ಒತ್ತಿ ಹಿಡಿದು, 70ಕ್ಕೆ ತಿರುಗಿಸಿ ನೋಡಿದಾಗ ಲೆನ್ಸಿನ ಮೂತಿಯ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಕಾಣುವವರೆಗೆ ಟ್ರೈಪಾಡ್ ಸರಿಪಡಿಸಿದರೆ ಸಾಕು. ಕಂಪನ ತಡೆಯುವ ಸೌಲಭ್ಯವನ್ನು ಲೆನ್ಸಿನಲ್ಲಿಯೂ ಕ್ಯಾಮೆರಾದಲ್ಲಿಯೂ ಆರಿಸಿ, ಎರಡು ಸೆಕೆಂಡಿನ ಟೈಮರ್ ಹಾಕಿ, ಅಪರ್ಚರನ್ನು (ಬೆಳಕು ಹಾಯುವ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟೂ ಅದು ದೊಡ್ಡದು) ಪೂರ್ತಿ ತೆರೆದಿಟ್ಟು ಚಿತ್ರ ತೆಗೆಯಬೇಕು.

ದೂರದ ವಸ್ತುವಿನ ಪರೀಕ್ಷೆಗೆ ಹಲವರು ವಿಧಾನಸೌಧದ ಮುಂಭಾಗಕ್ಕೆ ಹೋಗುತ್ತಾರೆ. ಅಗಲ ನೋಟಕ್ಕೆ ಅದು ಚೆನ್ನಾಗಿಯೇ ಇದೆ, ಆದರೆ ಅದರ ಮುಖ ಒಂದೇ ಸಮತಲದಲ್ಲಿಲ್ಲ. 24 ಮಿ.ಮೀ.ನಲ್ಲಿ 100 ಮೀಟರ್ ದೂರದ ವಸ್ತುವಿಗೂ 130 ಮೀಟರ್ ದೂರದ ವಸ್ತುವಿಗೂ ಬಿಂಬದ ಸ್ಥಾನ ಬದಲಾಗುವುದು ಒಂದು ಮೈಕ್ರಾನಿಗಿಂತ ತುಸು ಹೆಚ್ಚು, ಲೆಕ್ಕಕ್ಕಿಲ್ಲ. 70ರಲ್ಲಿ ಅದೇ ವ್ಯತ್ಯಾಸ ಸುಮಾರು 11 ಮೈಕ್ರಾನ್ ಆಗುತ್ತದೆ, ಅದನ್ನು ಅಲಕ್ಷಿಸುವಂತಿಲ್ಲ. ಬೆಂಗಳೂರಿನ ಯಾವುದೇ ತಾರಸಿಯಿಂದ ಕಾಣುವ ದೂರದ ಮೊಬೈಲ್ ಟವರಿನ ಜಾಲರಿ ಇದಕ್ಕಿಂತ ಅನುಕೂಲ. ಅದನ್ನು ಚೌಕಟ್ಟಿನ ನಡುವೆ, ಬಳಿಕ ಎಡಕ್ಕೆ, ಬಳಿಕ ಬಲಕ್ಕೆ ತಂದು ಚಿತ್ರ ತೆಗೆಯಬಹುದು. ಬೆಳಿಗ್ಗೆ ಬೇಗ, ಸಿಮೆಂಟಿನ ಛಾವಣಿಗಳು ಕಾಯುವ ಮೊದಲು ಈ ಕೆಲಸ ಮುಗಿಸಬೇಕು. ಬಿಸಿಗಾಳಿ ಏಳತೊಡಗಿದ ಮೇಲೆ ಒಳ್ಳೆಯ ಲೆನ್ಸಿನಲ್ಲೂ ಜಾಲರಿ ನಡುಗುತ್ತದೆ.

ಫೋಕಸ್ ಯಾವ ತುದಿಯಲ್ಲಿ ಕೈಕೊಡುತ್ತದೆ

ಝೂಮ್ ಮಾಡಿದರೂ ಫೋಕಸ್ ನಿಲ್ಲಬೇಕಾದ ಲೆನ್ಸುಗಳಲ್ಲಿ, ಎಂದರೆ ವಿಡಿಯೋ ಮತ್ತು ಸಿನಿಮಾ ಲೆನ್ಸುಗಳಲ್ಲಿ ಹಾಗೂ ಕೈಯಿಂದ ಫೋಕಸ್ ಮಾಡುವ ಅನೇಕ ಹಳೆಯ ಝೂಮ್‌ಗಳಲ್ಲಿ, ಈ ಪರೀಕ್ಷೆ ನೇರವಾಗಿ ಉತ್ತರ ಕೊಡುತ್ತದೆ. ಇದರ ಹಿಂದಿರುವ ಸೂತ್ರ ಸರಳ. ಮುಂದಿನ ಗುಂಪು ತನ್ನ ಜಾಗದಿಂದ ಸರಿದರೆ ಬಿಂಬ ಎಷ್ಟು ಸರಿಯುತ್ತದೆಂಬುದು ಹಿಂದಿರುವ ಗುಂಪುಗಳ ವರ್ಧನೆಯ ವರ್ಗವನ್ನು ಅವಲಂಬಿಸಿದೆ. ಆ ವರ್ಧನೆಯೋ, ಲೆನ್ಸಿನ ಸಂಗಮ ದೂರವನ್ನು ಮುಂದಿನ ಗುಂಪಿನ ಸಂಗಮ ದೂರದಿಂದ ಭಾಗಿಸಿದಷ್ಟು.

ಲೆಕ್ಕ ಹಾಕಿ ನೋಡೋಣ. ಮುಂದಿನ ಗುಂಪಿನ ಸಂಗಮ ದೂರ 100 ಮಿ.ಮೀ. ಎಂದುಕೊಳ್ಳಿ, ಅದು 0.1 ಮಿ.ಮೀ. ಮುಂದಕ್ಕೆ ಸರಿದಿದೆಯೆನ್ನಿ. 24ರಲ್ಲಿ ವರ್ಧನೆ 0.24, ಅದರ ವರ್ಗ 0.0576, ಬಿಂಬ ಸರಿಯುವುದು 0.006 ಮಿ.ಮೀ.ನಷ್ಟು. 70ರಲ್ಲಿ ವರ್ಗ 0.49, ಬಿಂಬ 0.049 ಮಿ.ಮೀ. ಸರಿಯುತ್ತದೆ. ಎಫ್ 2.8ರಲ್ಲಿ, 0.01 ಮಿ.ಮೀ. ಮಸುಕನ್ನು ಮಾತ್ರ ಸಹಿಸುವುದಾದರೆ, ಬಿಂಬ ಆಚೀಚೆ ಸರಿಯಲು ಇರುವ ಅವಕಾಶ 0.028 ಮಿ.ಮೀ. ಹಾಗಾಗಿ ಅದೇ ತಪ್ಪು 24ರಲ್ಲಿ ಕಾಣುವುದೇ ಇಲ್ಲ, 70ರಲ್ಲಿ ಎದ್ದು ಕಾಣುತ್ತದೆ.

ಹಿಂದಿನಿಂದ ಬಂದ ತಪ್ಪಿನ ನಡತೆ ಇದಕ್ಕೆ ತದ್ವಿರುದ್ಧ. ಮೌಂಟಿನಿಂದ ಸೆನ್ಸರಿಗಿರುವ ಅಂತರ 0.1 ಮಿ.ಮೀ. ತಪ್ಪಿದ್ದರೆ ಬಿಂಬವೂ ಎಲ್ಲ ಸಂಗಮ ದೂರಗಳಲ್ಲಿ 0.1 ಮಿ.ಮೀ. ತಪ್ಪುತ್ತದೆ. ಆದರೆ ನಾವು 70ರಲ್ಲಿ ಫೋಕಸ್ ಮಾಡುವಾಗ ನಮಗೆ ತಿಳಿಯದೆಯೇ ಮುಂದಿನ ಗುಂಪನ್ನು 0.2 ಮಿ.ಮೀ. ಸರಿಸಿ ಆ ತಪ್ಪನ್ನು ಮುಚ್ಚಿಬಿಡುತ್ತೇವೆ. ಅಲ್ಲಿಂದ 24ಕ್ಕೆ ಬಂದಾಗ ಆ 0.2 ಮಿ.ಮೀ.ನಿಂದ ಸಿಗುವ ಪರಿಹಾರ 0.012 ಮಿ.ಮೀ. ಮಾತ್ರ, ಉಳಿದ 0.088 ಮಿ.ಮೀ. ಹಾಗೆಯೇ ಉಳಿದು ಚಿತ್ರ ಮಸುಕಾಗುತ್ತದೆ. ಆದ್ದರಿಂದ ದೂರದ ತುದಿಯಲ್ಲಿ ಫೋಕಸ್ ಮಾಡಿ ಅಗಲಕ್ಕೆ ಬಂದಾಗ ಫೋಕಸ್ ಹೋದರೆ ಹಿಂದಿನ ಅಂತರವನ್ನು ಸಂದೇಹಿಸಬೇಕು. ಅಗಲ ನೋಟದಲ್ಲಿ ಅನಂತ ದೂರ ಸರಿಯಾಗಿ ಕೂಡಿ, ದೂರದ ತುದಿಯಲ್ಲಿ ಮಾತ್ರ ಕೂಡದಿದ್ದರೆ ಮುಂದಿನ ಗುಂಪನ್ನು ಸಂದೇಹಿಸಬೇಕು.

ಅನಂತ ದೂರದ ಫೋಕಸ್ ಕೂಡದಿರುವುದೂ ಇದೇ ಲೆಕ್ಕಕ್ಕೆ ಒಳಪಟ್ಟಿದೆ. ಲೆನ್ಸ್ ಸೆನ್ಸರಿನಿಂದ 0.1 ಮಿ.ಮೀ. ಹೆಚ್ಚು ದೂರದಲ್ಲಿ ನಿಂತರೆ, ಅನಂತದ ಗುರುತಿಗೆ ತಂದಾಗ 24ರಲ್ಲಿ ಅದು ನಿಜವಾಗಿ ಫೋಕಸ್ ಆಗುವುದು ಸುಮಾರು 5.8 ಮೀಟರಿಗೆ, 70ರಲ್ಲಿ 49 ಮೀಟರಿಗೆ. ಒಂದು ಮೌಂಟಿನ ಲೆನ್ಸನ್ನು ಇನ್ನೊಂದು ಮೌಂಟಿನ ಕ್ಯಾಮೆರಾಗೆ ಕೂಡಿಸುವ ಅಡಾಪ್ಟರ್ ಬಳಸುವವರು ಇದನ್ನು ಮರೆಯಬಾರದು. ಕ್ಯಾನನ್ ಇಎಫ್ ಮೌಂಟಿನ ಅಂತರ 44 ಮಿ.ಮೀ., ಸೋನಿ ಇ ಮೌಂಟಿನದು 18 ಮಿ.ಮೀ., ಹಾಗಾಗಿ ಇವೆರಡರ ನಡುವಿನ ಅಡಾಪ್ಟರ್ 26 ಮಿ.ಮೀ. ದಪ್ಪವಿರಬೇಕು; ನಿಕಾನ್ ಎಫ್‌ನ 46.5 ಮಿ.ಮೀ.ನಿಂದ ಝಡ್‌ನ 16 ಮಿ.ಮೀ.ಗೆ 30.5 ಮಿ.ಮೀ. ಅಗ್ಗದ ಅಡಾಪ್ಟರುಗಳನ್ನು ಅನಂತ ದೂರ ತಪ್ಪದಿರಲೆಂದು ಬೇಕೆಂದೇ ತುಸು ತೆಳುವಾಗಿ ಮಾಡುವುದುಂಟು. ಸ್ಥಿರ ಲೆನ್ಸಿಗೆ ಅದರಿಂದ ಹಾನಿಯಿಲ್ಲ, ಝೂಮ್ ಲೆನ್ಸಿಗೆ ಮಾತ್ರ ಅಗಲ ನೋಟದ ಫೋಕಸ್ ಕೆಡುತ್ತದೆ. ಸಾದರ ಪತ್ರಪ್ಪ ರಸ್ತೆಯಲ್ಲಿ ಸಿಗುವ ಸಾಧಾರಣ ಡಿಜಿಟಲ್ ಕ್ಯಾಲಿಪರಿನಿಂದ ಅಂಚಿನ ನಾಲ್ಕು ಕಡೆ ಅಳೆದು ನೋಡಿದರೂ ದೊಡ್ಡ ತಪ್ಪುಗಳು ಸಿಕ್ಕಿಬೀಳುತ್ತವೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಈಚಿನ ಆಟೋಫೋಕಸ್ ಸ್ಟಿಲ್ ಝೂಮ್‌ಗಳಲ್ಲಿ ಹೆಚ್ಚಿನವು ಝೂಮ್ ಮಾಡಿದಾಗ ಫೋಕಸ್ ಉಳಿಸಿಕೊಳ್ಳಬೇಕೆಂದು ವಿನ್ಯಾಸಗೊಂಡವೇ ಅಲ್ಲ; ಕೆಲವದರಲ್ಲಿ ಫೋಕಸ್ ಗುಂಪನ್ನು ಲೆನ್ಸಿನೊಳಗಿನ ಪ್ರೊಸೆಸರ್ ತಾನೇ ಕೋಷ್ಟಕ ನೋಡಿ ಸರಿಸುತ್ತದೆ. ಅಂಥವುಗಳಲ್ಲಿ ರಿಂಗ್ ತಿರುಗಿಸಿದಾಗ ಫೋಕಸ್ ಹೋಗುವುದು ದೋಷವಲ್ಲ, ಅವುಗಳನ್ನು ಪ್ರತಿ ಸಂಗಮ ದೂರದಲ್ಲೂ ಹೊಸದಾಗಿ ಫೋಕಸ್ ಮಾಡಿಯೇ ಪರೀಕ್ಷಿಸಬೇಕು.

ಒಂದು ಬದಿ ಮಾತ್ರ ಮಸುಕಾದರೆ

ಎರಡೂ ಬದಿಗಳು ಸಮನಾಗಿ ಮಸುಕಾಗುವುದು ಸಾಮಾನ್ಯವಾಗಿ ವಿನ್ಯಾಸದ ಮಿತಿ: ಬಿಂಬದ ತಲ ಬಟ್ಟಲಿನಂತೆ ಬಾಗಿರುತ್ತದೆ, ಅಥವಾ ಅಗಲ ನೋಟದ ವಕ್ರತೆಯನ್ನು ಕ್ಯಾಮೆರಾದ ಸಾಫ್ಟ್‌ವೇರ್ ತಿದ್ದುವಾಗ ಮೂಲೆಗಳನ್ನು ಎಳೆದಿರುತ್ತದೆ. ಅದನ್ನು ರಿಪೇರಿ ಮಾಡಲಾಗದು. ಒಂದೇ ಬದಿ ಮಸುಕಾದರೆ ಮಾತ್ರ ಜೋಡಣೆ ತಪ್ಪಿದೆ.

ಆಗ ಮೊದಲು ಆ ಮಸುಕಾದ ಬದಿಯನ್ನೇ ದೊಡ್ಡದಾಗಿ ಪರದೆಗೆ ತಂದು, ಅಲ್ಲಿಗೇ ಕೈಯಿಂದ ಫೋಕಸ್ ಮಾಡಬೇಕು. ಆ ಬದಿ ಸ್ಪಷ್ಟವಾಗಿ, ಎದುರು ಬದಿ ಮಸುಕಾದರೆ ಬಿಂಬದ ತಲ ಓರೆಯಾಗಿದೆ. ಎಷ್ಟು ಫೋಕಸ್ ಬದಲಿಸಿದರೂ ಆ ಬದಿ ಸ್ಪಷ್ಟವಾಗದೆ, ಚುಕ್ಕೆಗಳಿಗೆಲ್ಲ ಒಂದೇ ದಿಕ್ಕಿನಲ್ಲಿ ಬಾಲ ಮೂಡಿದ್ದರೆ ಯಾವುದೋ ಮಸೂರ ಅಕ್ಷದಿಂದ ಪಕ್ಕಕ್ಕೆ ಜರುಗಿದೆ. ಟಾರ್ಚಿನ ಮುಂದೆ ಅಲ್ಯೂಮಿನಿಯಂ ಹಾಳೆ ಕಟ್ಟಿ, ಸೂಜಿಯಿಂದ ಚುಚ್ಚಿ, ಕತ್ತಲೆಯ ಕೋಣೆಯಲ್ಲಿ ಆ ಚುಕ್ಕೆಯನ್ನು ಚೌಕಟ್ಟಿನ ನಡುವೆ ಇಟ್ಟು ನೋಡಿದರೆ ಇದು ಇನ್ನೂ ಖಚಿತವಾಗುತ್ತದೆ. ನಡುವಿನ ಚುಕ್ಕೆಗೇ ಬಾಲವಿದ್ದರೆ ಸಂದೇಹಕ್ಕೆ ಎಡೆಯಿಲ್ಲ.

ಓರೆಯಾಗಿರುವುದು ತಿಳಿದ ಮೇಲೆ ರಿಂಗ್ ತಿರುಗಿಸಬೇಕು. ಓರೆ ಎಲ್ಲ ಕಡೆಯೂ ಒಂದೇ ಸಮನಿದ್ದರೆ ಮೌಂಟನ್ನು ನೋಡಬಹುದು. ಸುಮಾರು 54 ಮಿ.ಮೀ. ವ್ಯಾಸದ ಮೌಂಟಿನ ಒಂದು ಬದಿಯಲ್ಲಿ 0.1 ಮಿ.ಮೀ.ನ ಶಿಮ್ ತಪ್ಪಿಹೋದರೆ, 36 ಮಿ.ಮೀ. ಅಗಲದ ಸೆನ್ಸರಿನ ಅಂಚುಗಳಲ್ಲಿ ಬಿಂಬ 0.033 ಮಿ.ಮೀ. ಆಚೀಚೆಯಾಗುತ್ತದೆ. ಎಫ್ 2.8ರಲ್ಲಿ ಇದು ಕಾಣುತ್ತದೆ; ಎಫ್ 8ರಲ್ಲಿ 0.08 ಮಿ.ಮೀ.ವರೆಗೆ ಅವಕಾಶವಿರುವುದರಿಂದ ಮರೆಯಾಗುತ್ತದೆ. ರಿಪೇರಿ ಮಾಡಿದವರು ಎಫ್ 8ರಲ್ಲಿ ತೆಗೆದ ಚಿತ್ರ ತೋರಿಸಿ ಸರಿಯಾಗಿದೆಯೆಂದರೆ ಒಪ್ಪಬಾರದು.

ಮಲ್ಲೇಶ್ವರದವರ ಲೆನ್ಸಿನಲ್ಲಿ ಎಡಬದಿಗೆ ಫೋಕಸ್ ಮಾಡಿದಾಗ ಎಡ ಸ್ಪಷ್ಟವಾಗಿ ಬಲ ಕೆಟ್ಟಿತು, ಎಂದರೆ ಓರೆ. ಕ್ಯಾಮೆರಾವನ್ನು ತಲೆಕೆಳಗು ಮಾಡಿ ತೆಗೆದಾಗಲೂ ಚೌಕಟ್ಟಿನ ಅದೇ ಬದಿ ಮಸುಕಾಯಿತು, ಎಂದರೆ ತಪ್ಪು ಗೋಡೆಯದಲ್ಲ. 24ರಲ್ಲಿ ಹೆಚ್ಚು, 35ರಲ್ಲಿ ಕಡಿಮೆ, 50ರಿಂದಾಚೆಗೆ ಇಲ್ಲ. ಈ ಲೆನ್ಸಿನ ಮೂತಿ 24ರಲ್ಲಿ ಪೂರ್ತಿ ಹೊರಬಂದಿರುತ್ತದೆ. ಮೂತಿ ಹೊರಬಂದಷ್ಟೂ ಹೊರಗಿನ ಕೊಳವೆಯೊಳಗೆ ಅದಕ್ಕಿರುವ ಹಿಡಿತ ಕಡಿಮೆಯಾಗುವುದರಿಂದ, ಅದೇ ಸಡಿಲ ಅಲ್ಲಿ ಹೆಚ್ಚಿನ ಕೋನವಾಗಿ ತೋರುತ್ತದೆ. ಉಳಿದಿದ್ದು ಬೆರಳಿನ ಪರೀಕ್ಷೆ. ಎಡ ಅಂಚಿನ ಪತ್ರಿಕೆಯ ತುಣುಕನ್ನು ಪರದೆಯಲ್ಲಿ ಹತ್ತು ಪಟ್ಟು ದೊಡ್ಡದಾಗಿಸಿಕೊಂಡು, ಮೂತಿಯ ಒಂದು ಬದಿಯನ್ನು ಹೆಬ್ಬೆರಳಿನಿಂದ ಹಗುರವಾಗಿ ಒಳಕ್ಕೆ ಒತ್ತಿದೆ. ಕಲಸಿಹೋಗಿದ್ದ ಒತ್ತಕ್ಷರಗಳು ಕಣ್ಣೆದುರೇ ಬಿಡಿಸಿಕೊಂಡವು. ಬೆರಳು ತೆಗೆದಾಗ ಮತ್ತೆ ಕಲಸಿದವು. ಮೂರು ಉರುಳೆಗಳಲ್ಲಿ ಒಂದು ತನ್ನ ಕೆಲಸ ಮಾಡುತ್ತಿಲ್ಲ, ಮೂತಿ ಉಳಿದೆರಡನ್ನು ಸೇರಿಸುವ ಗೆರೆಯ ಮೇಲೆ ಬಾಗಿಲಿನಂತೆ ತಿರುಗುತ್ತಿದೆ ಎಂಬುದು ಅದರಿಂದ ಸ್ಪಷ್ಟವಾಯಿತು.

ಝೂಮ್ ರಿಂಗಿನ ರಬ್ಬರ್ ಪಟ್ಟಿ ಸರಿಸಿದಾಗ ಆ ಉರುಳೆಯ ಪ್ಲಾಸ್ಟಿಕ್ ಸೀಳಿ ಎರಡು ಹೋಳಾಗಿತ್ತು, ಒಂದು ಹೋಳು ಸೀಳಿನ ತುದಿಯಲ್ಲಿ ಗ್ರೀಸಿಗೆ ಅಂಟಿಕೊಂಡಿತ್ತು. ಬೂಷ್ಟು ಒರೆಸಿದ ಮೇಲೆ ತಿರುಪನ್ನು ಅತಿಯಾಗಿ ಬಿಗಿದದ್ದೇ ಕಾರಣವಿರಬೇಕೆಂದು ನನ್ನ ಊಹೆ. ಇಲ್ಲಿ ಎರಡು ವಿಷಯ ಗಮನದಲ್ಲಿರಲಿ. ಜಪಾನಿ ಲೆನ್ಸುಗಳ ತಿರುಪುಗಳಿಗೆ ಜಪಾನಿ ಅಳತೆಯ ಸ್ಕ್ರೂಡ್ರೈವರೇ ಬೇಕು. ಮಾಮೂಲಿ ಫಿಲಿಪ್ಸ್ ಹಾಕಿದರೆ ತಲೆಯ ಸೀಳು ಸವೆದು ತಿರುಪು ಅಲ್ಲಿಯೇ ಉಳಿಯುತ್ತದೆ. ಕೆಲವು ಉರುಳೆಗಳ ರಂಧ್ರ ನಡುವಿನಲ್ಲಿರುವುದಿಲ್ಲ, ಅವುಗಳನ್ನು ತಿರುಗಿಸಿಯೇ ಕಾರ್ಖಾನೆಯಲ್ಲಿ ಓರೆ ಸರಿಪಡಿಸಿರುತ್ತಾರೆ. ಸಡಿಲಿಸುವ ಮೊದಲು ಅವು ನಿಂತಿದ್ದ ರೀತಿಯನ್ನು ಸೂಕ್ಷ್ಮ ಪೆನ್ನಿನಿಂದ ಗುರುತು ಮಾಡದಿದ್ದರೆ ಆ ಹೊಂದಾಣಿಕೆ ಕಳೆದುಹೋಗುತ್ತದೆ.

ಮಸುಕಲ್ಲದ ಮಂಕು

ಚಿತ್ರದ ವಿವರಗಳು ಇದ್ದಲ್ಲೇ ಇದ್ದು ಇಡೀ ಚಿತ್ರ ಹಾಲು ಬೆರೆಸಿದಂತೆ ಮಂಕಾದರೆ, ದೀಪದ ಸುತ್ತ ಪ್ರಭೆ ಹರಡಿದರೆ, ಅದು ಜೋಡಣೆಯ ದೋಷವಲ್ಲ. ಜೂನಿನಿಂದ ಅಕ್ಟೋಬರಿನವರೆಗೆ ಬೆಂಗಳೂರಿನ ಬೀರುವಿನಲ್ಲಿ, ಚರ್ಮದ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿಗೆ ಬೂಷ್ಟು ಬರುವುದು ಸಾಮಾನ್ಯ. ಅಪರ್ಚರ್ ತೆರೆದು, ಒಂದು ಕಡೆಯಿಂದ ಟಾರ್ಚ್ ಓರೆಯಾಗಿ ಹಿಡಿದು ಇನ್ನೊಂದು ಕಡೆಯಿಂದ ನೋಡಬೇಕು: ಜೇಡರ ಬಲೆಯಂಥ ಎಳೆಗಳಿದ್ದರೆ ಬೂಷ್ಟು, ಸಮನಾಗಿ ಹರಡಿದ ಮಂಜಿನಂತಿದ್ದರೆ ಗ್ರೀಸಿನ ಆವಿ ಗಾಜಿನ ಮೇಲೆ ಕೂತಿದೆ, ಅಂಚಿನಿಂದ ಒಳಬರುವ ಕಾಮನಬಿಲ್ಲಿನ ಬಣ್ಣದ ಪೊರೆಯಿದ್ದರೆ ಅಂಟಿಸಿದ ಎರಡು ಮಸೂರಗಳು ಬಿಟ್ಟುಕೊಳ್ಳುತ್ತಿವೆ, ಅದನ್ನು ಮನೆಯಲ್ಲಿ ಸರಿಮಾಡುವ ಪ್ರಯತ್ನ ಬೇಡ. ಟಾರ್ಚ್ ಹಿಡಿದಿರುವಾಗಲೇ ರಿಂಗ್ ತಿರುಗಿಸಿದರೆ ಕಲೆ ಯಾವ ಗುಂಪಿನ ಜೊತೆ ಚಲಿಸುತ್ತದೆಂಬುದು ಕಾಣುತ್ತದೆ, ಬಿಚ್ಚಬೇಕಾದುದು ಆ ಗುಂಪನ್ನು ಮಾತ್ರ. ಮುಂದಿನ ಗಾಜಿನ ಮೇಲಿನ ಒಂದೆರಡು ಧೂಳಿನ ಕಣಗಳು ಚಿತ್ರದಲ್ಲಿ ಕಾಣುವುದೇ ಇಲ್ಲ, ಅವುಗಳಿಗಾಗಿ ಯಾರೂ ಲೆನ್ಸ್ ಬಿಚ್ಚಿಸಬಾರದು. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಮತ್ತು ತೇವಾಂಶ ಮಾಪಕ ಇಟ್ಟುಕೊಂಡು, ಮಾಪಕ ಶೇ 40ರಿಂದ 50ರ ನಡುವೆ ನಿಲ್ಲುವಂತೆ ನೋಡಿಕೊಂಡರೆ ಮಳೆಗಾಲ ದಾಟಬಹುದು.

ರಿಂಗ್ ಒಂದು ಜಾಗದಲ್ಲಿ ಸಿಕ್ಕಿಕೊಂಡು ಮುಂದೆ ಸರಾಗವಾದರೆ ಉರುಳೆ ಬಿರಿದಿದೆ ಅಥವಾ ಮರಳು ಸೇರಿದೆ, ಬಲವಂತವಾಗಿ ತಿರುಗಿಸಬಾರದು. ಯಾವುದೋ ಒಂದು ಸಂಗಮ ದೂರದಲ್ಲಿ ಮಾತ್ರ ಕ್ಯಾಮೆರಾ ದೋಷದ ಸಂದೇಶ ತೋರಿಸುತ್ತಿದ್ದರೆ, ಪೂರ್ತಿ ತೆರೆದ ಅಪರ್ಚರಿನಲ್ಲಿ ತೋರಿಸದೆ ಎಫ್ 8ಕ್ಕೆ ಇಳಿಸಿದಾಗ ತೋರಿಸಿದರೆ, ಅಪರ್ಚರಿಗೆ ಹೋಗುವ ತೆಳು ಫ್ಲೆಕ್ಸ್ ಕೇಬಲ್ ಆ ಬಾಗಿನಲ್ಲಿ ಬಿರಿದಿದೆಯೆಂದು ಬಗೆಯಬಹುದು.

ಮಲ್ಲೇಶ್ವರದವರ ಲೆನ್ಸಿಗೆ ಅದೇ ಅಳತೆಯ ಹೊಸ ಉರುಳೆಗಳನ್ನು, ಒಂದರ ಬದಲು ಮೂರನ್ನೂ ಹಾಕಿದೆ, ಏಕೆಂದರೆ ಒಂದು ಹೊಸದಾಗಿ ಎರಡು ಸವೆದಿದ್ದರೆ ಓರೆ ಬೇರೆ ದಿಕ್ಕಿಗೆ ತಿರುಗುತ್ತದೆ. ಎರಡು ಸಲ ಬದಲಾಗಿದ್ದ ಮೌಂಟಿನ ಶಿಮ್‌ಗಳನ್ನು ಅಳೆದು ಸುತ್ತಲೂ ಸಮ ಮಾಡಬೇಕಾಯಿತು, ಆ ಕೆಲಸಕ್ಕೆ ಉರುಳೆಗಿಂತ ಹೆಚ್ಚು ಹೊತ್ತು ಹಿಡಿಯಿತು. ಬಳಿಕ ಅದೇ ಗೋಡೆ, ಅದೇ ಪುಟಗಳು, ಎಫ್ 2.8, 24, 35, 50, 70ರಲ್ಲಿ ಒಂದೊಂದು ಚಿತ್ರ ನೇರವಾಗಿ, ಒಂದೊಂದು ತಲೆಕೆಳಗಾಗಿ. 24ರ ಎಡ ಮೂಲೆಯಲ್ಲಿ 'ರಾಷ್ಟ್ರೀಯ'ದ ಒತ್ತುಗಳು ಬಿಡಿಬಿಡಿಯಾಗಿ ಕಂಡ ಮೇಲೆ ಅವರಿಗೆ ಫೋನ್ ಮಾಡಿದೆ.